ದಿಗ್ಬಂಧನ

ನಮ್ಮ ಕಿರವತ್ತಿ, ಯಲ್ಲಾಪುರದ ಕಡೆ ಪೂಜೆಗೆ ಕೂತ ಭಟ್ಟರು ನ್ಯಾಸ ಮುಗಿಸುವಾಗ ತಲೆಯ ಸುತ್ತ ಕೈಯಾಡಿಸಿ ಚಿಟಿಕೆ ಹೊಡೆಯುತ್ತಾರೆ. ಅದು ದಿಗ್ಬಂಧ. ಹೊರಗಿನ ಪೀಡೆ ಒಳಗೆ ನುಸುಳಬಾರದೆಂದು ಎಲ್ಲ ದಿಕ್ಕಿಗೂ ಅಗಳಿ ಹಾಕುವುದು. ಜಪ ಮುಗಿದ ಮೇಲೆ ಬಿಚ್ಚಲೂಬೇಕು, ಅದಕ್ಕೆ ದಿಗ್ವಿಮೋಕ ಎನ್ನುತ್ತಾರೆ. ಪತ್ರಿಕೆಯವರ ‘ಆರ್ಥಿಕ ದಿಗ್ಬಂಧನ’ದಲ್ಲಿ ಇದೆಲ್ಲ ತಿರುವುಮುರುವು. ಕಟ್ಟುವವನು ಹೊರಗೆ, ಪೀಡೆ ಒಳಗಿದ್ದವರಿಗೆ. ಬಿಚ್ಚುವ ಮಂತ್ರವಂತೂ ಯಾರಿಗೂ ನೆನಪಿರುವುದಿಲ್ಲ. ಕ್ಯೂಬಾದ ಮೇಲೆ ಅಮೆರಿಕ 1962ರಲ್ಲಿ ಹಾಕಿದ್ದು ಇನ್ನೂ ಹಾಗೇ ಇದೆ.

ನಾವೂ ಒಮ್ಮೆ ಹಾಕಿದ್ದೆವು, ಪಕ್ಕದ ಗೋವೆಗೇ. ಅಲ್ಲಿನ ಪೋರ್ಚುಗೀಸ್ ಆಡಳಿತದ ಮೇಲೆ 1954ರಿಂದ ಬಿಗಿ ಶುರುವಾಯಿತು. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಗಡಿಯೇ ಮುಚ್ಚಿತು. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಮುರ್ಮುಗೋವಾಕ್ಕೆ ಹೋಗುತ್ತಿದ್ದ ರೈಲು ನಿಂತಿತು. ಯಾವ ಸರಕು ದೇಶದ ಗಡಿ ದಾಟಬಾರದು ಎಂದು ಆದೇಶ ಹೊರಡಿಸುವ ಅಧಿಕಾರವನ್ನು 1947ರ ಆಮದು-ರಫ್ತು ನಿಯಂತ್ರಣ ಕಾಯ್ದೆ ದಿಲ್ಲಿಗೆ ಮೊದಲೇ ಕೊಟ್ಟಿತ್ತು. ಇಂಥ ಕಾಯ್ದೆಗಳ ಮಾತು ಬಲು ಸಪ್ಪೆ: ಲೈಸೆನ್ಸು, ಪರ್ಮಿಟ್ಟು, ಜಪ್ತಿ. ದಿಕ್ಕು, ಬಂಧನ ಎಲ್ಲ ನಾವು ಆಮೇಲೆ ಹಚ್ಚಿದ ಬಣ್ಣ. ಮುಂಬೈಯಲ್ಲಿ ದುಡಿಯುತ್ತಿದ್ದ ಗೋವೆಯವರು ಊರಿಗೆ ದುಡ್ಡು ಕಳಿಸುವುದಕ್ಕೂ ಅಡ್ಡಿ ಬಂತು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರನಿಗೆ ಬಿಸಿ ಮುಟ್ಟಿಸಲು ಹೊರಟವರು ಯಾವುದೋ ಮುದುಕಿಯ ಒಲೆ ಆರಿಸಿದರು ಎಂದೇ ನನಗೆ ಅನ್ನಿಸುವುದು.

ಸಲಜಾರ್ ಮಾತ್ರ ಜಗ್ಗಲಿಲ್ಲ. ಹಾಲೆಂಡಿನ ಬಟಾಟೆ, ಸಿಲೋನಿನ ಚಹಾ ಹಡಗಿನಲ್ಲಿ ಬಂದಿಳಿದವು. ಕಬ್ಬಿಣದ ಅದಿರು ಜಪಾನಿಗೆ ಹೋಯಿತು, ಗೋವೆಯ ಬೊಕ್ಕಸಕ್ಕೆ ಕಾಸು ಬಂತು. ಚಿನ್ನ, ವಾಚು, ವಿಲಾಯಿತಿ ಮದ್ಯ ಕಾಡುದಾರಿ ಹಿಡಿದು ಇತ್ತ ಬಂದವು. ಗೋವೆಯಿಂದ ಇತ್ತ ಬರುವ ಕಾಡುದಾರಿ ಹೊಸದೂ ಅಲ್ಲ. ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ ಎಂದು ಹೇಳುವ ಸಿದ್ದಿಗಳು ಈಗಲೂ ನಮ್ಮ ನೆರೆಹೊರೆಯವರು. ನಡುವೆ 1956ರಲ್ಲಿ ನಮ್ಮ ಜಿಲ್ಲೆಯೇ ಮುಂಬೈ ರಾಜ್ಯ ಬಿಟ್ಟು ಮೈಸೂರು ಸೇರಿತು, ಗಡಿಯ ನಾಕೆ ಇದ್ದಲ್ಲೇ ಇತ್ತು. ಕಡೆಗೆ 1961ರ ಡಿಸೆಂಬರಿನಲ್ಲಿ ಸೈನ್ಯವೇ ಹೋಗಬೇಕಾಯಿತು.

ಈಗ ಈ ಪದ ಅಗ್ಗವಾಗಿದೆ. ರಸ್ತೆ ಸರಿಯಿಲ್ಲ, ಕರೆಂಟಿಲ್ಲ ಎಂದು ಊರವರು ಅಧಿಕಾರಿಯನ್ನು ಕಚೇರಿಯೊಳಗೆ ಕೂಡಿಹಾಕಿದರೆ ಮರುದಿನ ‘ಅಧಿಕಾರಿಗೆ ದಿಗ್ಬಂಧನ’ ಎಂದು ಸುದ್ದಿ. ಬಾಗಿಲಲ್ಲಿ ಘೋಷಣೆ ಜೋರಾಗಿ ನಡೆದಿರುತ್ತದೆ. ಒಳಗಿನ ಸಾಹೇಬರಿಗೆ ಕಿಟಕಿಯಿಂದ ಚಹಾ ಹೋಗುತ್ತದೆ, ಅದಕ್ಕೆ ಅಡ್ಡಿಯಿಲ್ಲ.