ಯುದ್ಧ, ಅರಾಜಕತೆ ಮತ್ತು ವನ್ಯಮೃಗ: ಬಿಯಾಲೊವೀಜಾ ಅರಣ್ಯದ ನಿದರ್ಶನ

ಯುದ್ಧಗಳ ಇತಿಹಾಸವನ್ನು ಬರೆಯುವವರು ಮಡಿದ ಸೈನಿಕರ ಸಂಖ್ಯೆಯನ್ನೂ, ಸುಟ್ಟುಹೋದ ಪಟ್ಟಣಗಳನ್ನೂ, ಕೈಬದಲಾದ ಪ್ರಾಂತಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಯುದ್ಧಕಾಲದಲ್ಲಿ ಕಾಡಿಗೆ ಏನಾಯಿತು, ಕಾಡಿನ ಮೃಗಗಳಿಗೆ ಏನಾಯಿತು ಎಂದು ವಿಚಾರಿಸಿದವರು ವಿರಳ. ವಿಚಾರಿಸಿದವರಲ್ಲಿಯೂ ಎರಡು ಪಕ್ಷಗಳುಂಟು. ಫಿರಂಗಿ, ಬೆಂಕಿ, ಹಸಿದ ಸೈನ್ಯ ಇವುಗಳಿಂದ ಮೃಗಗಳು ನಾಶವಾಗುತ್ತವೆಂಬುದು ಒಂದು ಪಕ್ಷ. ಮನುಷ್ಯರು ಪರಸ್ಪರ ಕೊಲ್ಲುವುದರಲ್ಲಿ ತೊಡಗಿರುವಾಗ ಮೃಗಗಳಿಗೆ ಬೇಟೆಗಾರನ ಕಾಟ ತಪ್ಪುತ್ತದೆಂಬುದು ಇನ್ನೊಂದು ಪಕ್ಷ. ಎರಡಕ್ಕೂ ಆಧಾರಗಳಿವೆ. ಆದರೆ ಒಂದೇ ಕಾಡಿನಲ್ಲಿ, ಒಂದೇ ಜಾತಿಯ ಮೃಗವು ಒಂದು ಮಹಾಯುದ್ಧದಲ್ಲಿ ಅಳಿದು ಮತ್ತೊಂದು ಮಹಾಯುದ್ಧದಲ್ಲಿ ಉಳಿದುದೇಕೆ ಎಂಬುದನ್ನು ಇವೆರಡರಲ್ಲಿ ಯಾವುದೂ ವಿವರಿಸಲಾರದು. ಅಂತಹ ಕಾಡೊಂದರ ವೃತ್ತಾಂತವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಹೊರಟಿದ್ದೇವೆ.

ಬಿಯಾಲೊವೀಜಾ ಅರಣ್ಯವು ಇಂದು ಪೋಲೆಂಡ್ ಮತ್ತು ಬೆಲರೂಸ್ ದೇಶಗಳ ಗಡಿಯ ಮೇಲೆ ಹಬ್ಬಿದೆ. ಯೂರೋಪಿನ ಬಯಲುನಾಡಿನಲ್ಲಿ ಉಳಿದಿರುವ ಪುರಾತನ ಅರಣ್ಯಗಳಲ್ಲಿ ಇದಕ್ಕೆ ಅಗ್ರಸ್ಥಾನ. ಯೂರೋಪಿನ ಬೈಸನ್ ಎಂಬ ಮೃಗಕ್ಕೆ ಇದು ಶತಮಾನಗಳ ಕಾಲ ಆಶ್ರಯವಾಗಿತ್ತು. ನಮ್ಮ ಮಲೆನಾಡಿನ ಕಾಟಿಯನ್ನೂ ಬೇಟೆಗಾರರು ಬೈಸನ್ ಎಂದೇ ಕರೆಯುತ್ತ ಬಂದಿದ್ದಾರೆ. ಆದರೆ ಅದು ಬೇರೆ ಜಾತಿ. ಯೂರೋಪಿನ ಬೈಸನ್ನಿಗೆ ಎತ್ತರವಾದ ಭುಜ, ಗಡ್ಡದಂತೆ ಇಳಿಬಿದ್ದ ಕೂದಲು, ಹಿಮವನ್ನು ತಡೆಯಬಲ್ಲ ದಟ್ಟವಾದ ರೋಮ ಇರುತ್ತವೆ.

ಈ ಮೃಗವು ಅಷ್ಟು ಕಾಲ ಉಳಿದುದು ರಾಜಾಜ್ಞೆಯ ಬಲದಿಂದ. ಹದಿನಾರನೆಯ ಶತಮಾನದಿಂದಲೂ ಪೋಲೆಂಡಿನ ಅರಸರು ಇದನ್ನು ತಮ್ಮ ಬೇಟೆಗೆಂದು ಮೀಸಲಿಟ್ಟು, ಕಾವಲುಗಾರರನ್ನು ನೇಮಿಸಿದ್ದರು. 1795ರಲ್ಲಿ ಪೋಲೆಂಡ್ ಮೂರನೆಯ ಬಾರಿ ವಿಭಾಗವಾದಾಗ ಅರಣ್ಯವು ರಷ್ಯದ ವಶವಾಯಿತು. ಹಳೆಯ ಕಾವಲು ತಪ್ಪಿದ ಆ ಕೆಲವೇ ವರ್ಷಗಳಲ್ಲಿ ಬೈಸನ್‌ಗಳ ಸಂಖ್ಯೆ ಬಹುವಾಗಿ ಕುಗ್ಗಿತು. ಮೊದಲನೆಯ ಅಲೆಕ್ಸಾಂಡರ್ ಚಕ್ರವರ್ತಿಯು ಮತ್ತೆ ರಕ್ಷಣೆಯನ್ನು ವಿಧಿಸಿದ ಮೇಲೆ ಚೇತರಿಸಿಕೊಂಡಿತು. 1888ರಲ್ಲಿ ಅರಣ್ಯವು ಜಾರ್ ಮನೆತನದ ಸ್ವಂತ ಆಸ್ತಿಯಾಯಿತು. ಅಲ್ಲೊಂದು ಬೇಟೆಯ ಅರಮನೆ ಎದ್ದಿತು. ಚಳಿಗಾಲದಲ್ಲಿ ಬೈಸನ್‌ಗಳಿಗೆ ಹುಲ್ಲನ್ನು ಒದಗಿಸುವ ಏರ್ಪಾಡು ನಡೆಯಿತು. 1914ರಲ್ಲಿ ಅವುಗಳ ಸಂಖ್ಯೆ 700ನ್ನು ಮೀರಿತ್ತು.

ಇಂತಹ ವ್ಯವಸ್ಥೆಯು ನಮ್ಮ ಓದುಗರಿಗೆ ಅಪರಿಚಿತವಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಆನೆಗಳಿಗೆಂದು ಪ್ರತ್ಯೇಕವಾದ ವನವನ್ನೂ, ಆನೆಯನ್ನು ಕೊಂದವನಿಗೆ ಮರಣದಂಡನೆಯನ್ನೂ ವಿಧಿಸುತ್ತದೆ. ಬಂಡೀಪುರದ ಕಾಡು ಸಹ ಮೊದಲು ಮೈಸೂರು ಅರಸರ ಬೇಟೆಯ ಕಾಡಾಗಿದ್ದಿತು. ಮೃಗವು ಅರಸನ ಸೊತ್ತು. ಅದನ್ನು ಕೊಲ್ಲುವ ಹಕ್ಕು ಅರಸನಿಗೆ ಮಾತ್ರ. ಕಾಡಿನ ಅಂಚಿನಲ್ಲಿ ಬಾಳುವವನಿಗೆ ಅದರಿಂದ ಬರುವುದು ಬೆಳೆನಷ್ಟ ಮತ್ತು ದಂಡನೆ. ಇದರಿಂದ ಮೃಗಗಳು ಉಳಿದುವೆಂಬುದು ನಿಜ. ಆದರೆ ಅವುಗಳ ಉಳಿವು ಒಂದು ಸಿಂಹಾಸನದ ಉಳಿವಿಗೆ ಗಂಟುಬಿದ್ದಿತ್ತೆಂಬುದನ್ನು ಗಮನಿಸಬೇಕು. ಸಿಂಹಾಸನವು ಅಲುಗಿದಾಗ ಏನಾಗುವುದೆಂಬ ಪ್ರಶ್ನೆಗೆ ಮೊದಲನೆಯ ಮಹಾಯುದ್ಧವು ಉತ್ತರ ಕೊಟ್ಟಿತು.

1915ರ ಬೇಸಿಗೆಯಲ್ಲಿ ರಷ್ಯದ ಸೈನ್ಯವು ಪೂರ್ವಕ್ಕೆ ಹಿಮ್ಮೆಟ್ಟಿತು. ಅದರೊಡನೆ ಆ ಪ್ರಾಂತದ ಹಳ್ಳಿಗಳ ಜನ ಅಪಾರ ಸಂಖ್ಯೆಯಲ್ಲಿ ಊರು ಬಿಟ್ಟು ಹೊರಟರು. ಆಗಸ್ಟ್ ತಿಂಗಳಲ್ಲಿ ಜರ್ಮನ್ ಸೈನ್ಯವು ಅರಣ್ಯವನ್ನು ಪ್ರವೇಶಿಸಿತು. ಮಾಂಸಕ್ಕಾಗಿಯೂ, ಚರ್ಮಕ್ಕಾಗಿಯೂ, ಕೊಂಬಿಗಾಗಿಯೂ ಸೈನಿಕರು ಬೈಸನ್‌ಗಳನ್ನು ಹೊಡೆದರು. ಆದರೆ ಸೆಪ್ಟೆಂಬರ್ ತಿಂಗಳಲ್ಲಿಯೇ ಜರ್ಮನ್ ಅಧಿಕಾರಿಗಳು ಬೈಸನ್ ಬೇಟೆಯನ್ನು ನಿಷೇಧಿಸಿದರೆಂಬುದು ಗಮನಾರ್ಹ. ಇದಕ್ಕೆ ಕಾರಣ ದಯೆಯೊಂದೇ ಆಗಿರಲಿಲ್ಲ. ಆ ಅರಣ್ಯವು ಅವರ ದೃಷ್ಟಿಯಲ್ಲಿ ದೀರ್ಘಕಾಲ ಆದಾಯ ತರಬೇಕಾದ ಆಸ್ತಿ. ಅವರು ಮರಮುಟ್ಟನ್ನು ಸಾಗಿಸಲು ಕಾಡಿನೊಳಗೆ ಕಿರಿದಾದ ರೈಲುದಾರಿಗಳನ್ನು ಹಾಕಿದರು. ಗರಗಸದ ಕಾರ್ಖಾನೆಗಳನ್ನು ಸ್ಥಾಪಿಸಿದರು. ಕಾಡಿಗೆ ಇದರಿಂದಾದ ಗಾಯ ಆಳವಾದುದು. ಆದರೂ ಅವರು ಇದ್ದಷ್ಟು ಕಾಲ, ಕುಗ್ಗಿದ ಸಂಖ್ಯೆಯಲ್ಲಿಯಾದರೂ, ಬೈಸನ್ ಜೀವಿಸಿತ್ತು.

ಸರ್ವನಾಶವು ಸಂಭವಿಸಿದುದು ಯುದ್ಧ ಮುಗಿದ ಮೇಲೆ. 1918ರ ನವೆಂಬರ್ ತಿಂಗಳಲ್ಲಿ ಕದನವಿರಾಮವಾಯಿತು. ಜಾರನ ಅಧಿಕಾರವು ಹಿಂದೆಯೇ ಕೊನೆಗೊಂಡಿತ್ತು. ಜರ್ಮನರ ಅಧಿಕಾರವು ಕುಸಿಯುತ್ತಿತ್ತು. ಹೊಸ ಪೋಲೆಂಡಿನ ಅಧಿಕಾರವು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಆ ಚಳಿಗಾಲದಲ್ಲಿ ಕಾಡಿಗೆ ಒಡೆಯನೇ ಇರಲಿಲ್ಲ. ಊರಿಗೆ ಮರಳುವ ದಾರಿಯಲ್ಲಿದ್ದ ಸೈನಿಕರು, ದಂಡು ಬಿಟ್ಟು ಓಡಿಬಂದವರು, ಕಳ್ಳಬೇಟೆಗಾರರು, ಹಸಿದ ಹಳ್ಳಿಗರು ಎಲ್ಲರೂ ಅಲ್ಲಿದ್ದರು. ಬಂದೂಕುಗಳಿಗೆ ಕೊರತೆಯಿರಲಿಲ್ಲ. 1919ರ ಮೊದಲ ತಿಂಗಳುಗಳಲ್ಲಿ ಬಿಯಾಲೊವೀಜಾದ ಕಟ್ಟಕಡೆಯ ಕಾಡು ಬೈಸನ್ ಹತವಾಯಿತು. ನಾಲ್ಕು ವರ್ಷಗಳ ಮಹಾಯುದ್ಧವನ್ನು ದಾಟಿ ಬಂದ ಮೃಗವು ಶಾಂತಿಯ ಮೊದಲ ಚಳಿಗಾಲವನ್ನು ದಾಟಲಿಲ್ಲ.

ಇದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಸೈಲೀಸಿಯದ ಪ್ಲೆಸ್ ಸಂಸ್ಥಾನದ ರಾಜಕುಮಾರನು 1865ರಲ್ಲಿ ಬಿಯಾಲೊವೀಜಾದಿಂದ ತರಿಸಿ ಬೆಳೆಸಿದ್ದ ಹಿಂಡು ಯುದ್ಧದಲ್ಲಿ ಸುರಕ್ಷಿತವಾಗಿದ್ದು, ಅನಂತರ ಆ ಪ್ರಾಂತದಲ್ಲಿ ಎದ್ದ ದಂಗೆಗಳ ಕಾಲದಲ್ಲಿ ಬೆರಳೆಣಿಕೆಗೆ ಇಳಿಯಿತು. ಕಾಕಸಸ್ ಪರ್ವತಗಳಲ್ಲಿದ್ದ ಇನ್ನೊಂದು ಉಪಜಾತಿಯೂ ಹಿಂದೆ ರಾಜಮನೆತನದ ಬೇಟೆಯ ಮೀಸಲಿನಲ್ಲಿಯೇ ಇದ್ದಿತು. ಕ್ರಾಂತಿ ಮತ್ತು ಅಂತರ್ಯುದ್ಧಗಳ ಕಾಲದಲ್ಲಿ ಅದು ಕ್ಷೀಣಿಸಿತು. 1924ರಲ್ಲಿ ಸೋವಿಯತ್ ಸರ್ಕಾರವು ಅಲ್ಲಿ ರಕ್ಷಿತಾರಣ್ಯವನ್ನು ಸ್ಥಾಪಿಸುವ ಹೊತ್ತಿಗೆ ಕಾಲ ಮೀರಿತ್ತು. 1927ರಲ್ಲಿ ಕೊನೆಯವು ಸತ್ತುವು. ಮೂರು ಎಡೆಗಳಲ್ಲಿಯೂ ಕಾರಣಗಳು ಒಂದೇ: ಹಸಿವು, ಬಂದೂಕು, ಮತ್ತು ಕಾವಲಿಲ್ಲದ ನಡುಗಾಲ. ಇವುಗಳಿಗೆ ನಾವು ನಾಲ್ಕನೆಯದೊಂದನ್ನು ಸೇರಿಸಬಯಸುತ್ತೇವೆ. ಅದು ಆ ಮೃಗವು ಬಿದ್ದುಹೋದ ಒಡೆಯನ ಗುರುತಾಗಿದ್ದುದು. ತಲೆಮಾರುಗಳ ಕಾಲ ಯಾವ ಮೃಗಕ್ಕಾಗಿ ದಂಡ ತೆತ್ತಿದ್ದರೋ, ಅದನ್ನು ಒಡೆಯನು ಹೋದ ದಿನವೂ ಕಾಯಬೇಕೆಂದು ರೈತನಿಗೆ ಯಾರೂ ಕಲಿಸಿರಲಿಲ್ಲ. ಕಾಯುವುದರಿಂದ ಅವನಿಗೆ ಲಾಭವೂ ಇರಲಿಲ್ಲ.

ಜಾತಿಯು ಸಂಪೂರ್ಣವಾಗಿ ನಿರ್ನಾಮವಾಗಲಿಲ್ಲ. ಮೃಗಾಲಯಗಳಲ್ಲಿಯೂ ಶ್ರೀಮಂತರ ಉದ್ಯಾನಗಳಲ್ಲಿಯೂ ಐವತ್ತಕ್ಕೆ ಸ್ವಲ್ಪ ಮೀರಿ ಉಳಿದಿದ್ದುವು. 1923ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ನಿಸರ್ಗರಕ್ಷಣಾ ಸಮ್ಮೇಳನದಲ್ಲಿ ಪೋಲೆಂಡಿನ ಪ್ರಾಣಿವಿಜ್ಞಾನಿ ಯಾನ್ ಶ್ಟೊಲ್ಟ್ಸ್‌ಮನ್ ಇವುಗಳ ರಕ್ಷಣೆಯ ಪ್ರಸ್ತಾಪವನ್ನು ಮಂಡಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಸಂಘವೊಂದು ಏರ್ಪಟ್ಟು, ಪ್ರತಿಯೊಂದು ಬೈಸನ್ನಿನ ವಂಶಾವಳಿಯನ್ನು ದಾಖಲೆ ಮಾಡತೊಡಗಿತು. 1929ರಲ್ಲಿ ಕೆಲವನ್ನು ಬಿಯಾಲೊವೀಜಾಕ್ಕೆ ಮರಳಿ ತಂದು ಬೇಲಿಯೊಳಗೆ ಬೆಳೆಸಿದರು. ಹತ್ತು ವರ್ಷ ತುಂಬುವಷ್ಟರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು.

ಈ ಯುದ್ಧದಲ್ಲಿ ಅರಣ್ಯವು 1939ರಲ್ಲಿ ಸೋವಿಯತ್ ಸೈನ್ಯದ, 1941ರಲ್ಲಿ ಜರ್ಮನ್ ಸೈನ್ಯದ, 1944ರಲ್ಲಿ ಮತ್ತೆ ಸೋವಿಯತ್ ಸೈನ್ಯದ ಕೈಸೇರಿತು. ಹಿಂದಿನದಕ್ಕಿಂತ ಇದು ಬಹುಪಾಲು ಕ್ರೂರವಾದ ಯುದ್ಧ. ಆದರೂ ಬೈಸನ್ ಉಳಿಯಿತು. ಕಾರಣವನ್ನು ಹುಡುಕಿದರೆ ಸಂತೋಷಪಡುವಂತಹುದೇನೂ ದೊರೆಯುವುದಿಲ್ಲ. ಜರ್ಮನಿಯ ಬೇಟೆ ಮತ್ತು ಅರಣ್ಯ ಇಲಾಖೆಗಳಿಗೆ ಮುಖ್ಯಸ್ಥನಾಗಿದ್ದ ಹರ್ಮನ್ ಗೋರಿಂಗನು ಯುದ್ಧಕ್ಕೆ ಮುಂಚೆ ಪೋಲೆಂಡಿನ ಅತಿಥಿಯಾಗಿ ಈ ಕಾಡಿನಲ್ಲಿ ಬೇಟೆಯಾಡಿದ್ದನು. ಗೆದ್ದ ಮೇಲೆ ಅದನ್ನು ತನ್ನ ಬೇಟೆಯ ಮೀಸಲನ್ನಾಗಿ ಮಾಡಿಕೊಳ್ಳಲು ಬಯಸಿದನು. 1941ರಲ್ಲಿ ಜರ್ಮನ್ ಪೋಲೀಸ್ ದಳಗಳು ಕಾಡಿನ ಹಳ್ಳಿಗಳನ್ನು ಸುಟ್ಟು, ನಿವಾಸಿಗಳನ್ನು ಹೊರದೂಡಿ, ಯಹೂದ್ಯರನ್ನು ಕೊಂದುವು. ಮೃಗಕ್ಕೆ ದೊರೆತ ಅಭಯವು ಮನುಷ್ಯನಿಗೆ ದೊರೆಯಲಿಲ್ಲ. ಬೈಸನ್ ಉಳಿಯಿತೆಂಬ ಮಾತನ್ನು ಬರೆಯುವ ಇತಿಹಾಸಕಾರನು ಅದೇ ಪುಟದಲ್ಲಿ ಈ ಹಳ್ಳಿಗಳ ಮಾತನ್ನೂ ಬರೆಯದಿದ್ದರೆ ಅದು ಸುಳ್ಳು ಇತಿಹಾಸವಾದೀತು.

ಯುದ್ಧದಿಂದ ಮೃಗಗಳಿಗೆ ಬಿಡುವು ದೊರೆಯುತ್ತದೆಂಬ ಪಕ್ಷವನ್ನೂ ಇಲ್ಲಿ ಪರೀಕ್ಷಿಸಬೇಕು. ಅದಕ್ಕೆ ಪ್ರಬಲವಾದ ಆಧಾರ ಉತ್ತರ ಸಮುದ್ರ. ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಅಲ್ಲಿನ ದೊಡ್ಡ ಮೀನುದೋಣಿಗಳನ್ನು ನೌಕಾಪಡೆಯು ಸಿಡಿಗುಂಡುಗಳನ್ನು ತೆಗೆಯುವ ಕೆಲಸಕ್ಕೆ ಒಯ್ದಿತು, ಮೀನುಗಾರಿಕೆ ತಗ್ಗಿತು, ಮೀನುಗಳು ಹೆಚ್ಚಿದುವು. ಶಾಂತಿಯ ಅನಂತರ ಬಲೆಗಳು ತುಂಬಿ ಬಂದುವು. ಆದರೆ ಕೆಲವೇ ವರ್ಷಗಳಲ್ಲಿ ಆ ಹೆಚ್ಚಳವೆಲ್ಲ ಕರಗಿಹೋಯಿತು. ಬೇಟೆಗಾರನು ದೂರವಿದ್ದಷ್ಟು ಕಾಲವೇ ಬಿಡುವಿನ ಕಾಲ. ಅವನು ಮರಳಿದಾಗ ಅವನನ್ನು ತಡೆಯುವ ಕಟ್ಟಳೆ ಇಲ್ಲದಿದ್ದರೆ ಯುದ್ಧವು ಕೂಡಿಟ್ಟುದನ್ನು ಶಾಂತಿಯು ತಿಂದುಬಿಡುತ್ತದೆ.

ನಮಗೆ ಹತ್ತಿರದ ಕಾಲದಲ್ಲಿಯೂ ಈ ಸೂತ್ರವು ಸುಳ್ಳಾಗಿಲ್ಲ. ಆಫ್ರಿಕದ ಮೊಜಾಂಬೀಕಿನಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಅಲ್ಲಿನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದ ದೊಡ್ಡ ಮೃಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಅಳಿದುವು. ಮಾಂಸವು ಸೈನಿಕರಿಗೆ ಆಹಾರವಾಯಿತು. ದಂತವು ಆಯುಧದ ಬೆಲೆಯಾಯಿತು. ಒಪ್ಪಂದವಾದ ಮೇಲೂ ಸುಮಾರು ಎರಡು ವರ್ಷಗಳ ಕಾಲ ಬೇಟೆಯು ಎಗ್ಗಿಲ್ಲದೆ ಸಾಗಿತು. ದಂತವಿದ್ದ ಆನೆಗಳೇ ಗುಂಡಿಗೆ ಗುರಿಯಾದ ಕಾರಣ, ಹುಟ್ಟಿನಿಂದಲೇ ದಂತವಿಲ್ಲದ ಹೆಣ್ಣಾನೆಗಳ ಪ್ರಮಾಣವು ಸುಮಾರು ಐದನೆಯ ಒಂದು ಭಾಗದಿಂದ ಅರ್ಧಕ್ಕೆ ಏರಿತೆಂದು 2021ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ. ಯುದ್ಧದ ಮುದ್ರೆಯು ಮೃಗದ ವಂಶದಲ್ಲಿಯೇ ಬಿದ್ದಿತೆಂದು ಹೇಳಬಹುದು. ಇಂದು ಆ ಉದ್ಯಾನವು ಚೇತರಿಸಿಕೊಳ್ಳುತ್ತಿರುವುದಕ್ಕೆ ಕಾವಲಿನಂತೆಯೇ ಸುತ್ತಲಿನ ಹಳ್ಳಿಗಳಲ್ಲಿ ನಡೆದ ಶಾಲೆ, ಆರೋಗ್ಯ, ಬೇಸಾಯಗಳ ಕೆಲಸವೂ ಕಾರಣ.

ಬೈಸನ್ನಿನ ಕಥೆಯೂ ಅಳಿವಿನಲ್ಲಿ ಮುಗಿಯಲಿಲ್ಲ. 1952ರಲ್ಲಿ ಬಿಯಾಲೊವೀಜಾದ ಬೇಲಿಯೊಳಗಿಂದ ಮೊದಲ ಮೃಗಗಳನ್ನು ಕಾಡಿಗೆ ಬಿಟ್ಟರು. 2019ರ ವೇಳೆಗೆ ಯೂರೋಪಿನ ನಾನಾ ಕಾಡುಗಳಲ್ಲಿ ಅವುಗಳ ಸಂಖ್ಯೆ 6,200ನ್ನು ಮೀರಿತ್ತು. ಇವೆಲ್ಲವೂ ಸೆರೆಯಲ್ಲಿ ಉಳಿದಿದ್ದ ಕೇವಲ ಹನ್ನೆರಡು ಮೃಗಗಳ ಸಂತಾನ. ಸಂಖ್ಯೆಯು ಮರಳಿತು; ವಂಶದ ವೈವಿಧ್ಯವು ಮರಳಲಿಲ್ಲ. ಒಂದು ಚಳಿಗಾಲದ ಅರಾಜಕತೆಯಲ್ಲಿ ಕಳೆದುಕೊಂಡುದನ್ನು ನೂರು ವರ್ಷಗಳ ಶ್ರಮವು ಪೂರ್ತಿಯಾಗಿ ತುಂಬಿಕೊಡಲಿಲ್ಲ.

ಮೇಲಿನ ಪರಿಶೀಲನೆಯಿಂದ ನಾವು ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಯುದ್ಧವು ವನ್ಯಮೃಗಗಳಿಗೆ ತರುವ ಅತಿ ದೊಡ್ಡ ಅಪಾಯವು ಕದನದ ದಿನಗಳಿಗಿಂತ ಒಂದು ಅಧಿಕಾರವು ಹೋಗಿ ಇನ್ನೊಂದು ಬರುವ ನಡುಗಾಲದಲ್ಲಿ ಅಡಗಿರುತ್ತದೆ. ಶಾಂತಿಯ ಒಪ್ಪಂದಗಳನ್ನು ಬರೆಯುವವರು ಕೈದಿಗಳ, ಗಡಿಗಳ, ಸಾಲಗಳ ವಿಷಯವನ್ನು ಗೊತ್ತುಮಾಡುವಂತೆ ಕಾಡಿನ ಕಾವಲನ್ನೂ ಗೊತ್ತುಮಾಡಬೇಕಾದುದು ಆದುದರಿಂದಲೇ. ಎರಡನೆಯದಾಗಿ, ಸುತ್ತಲಿನ ಜನರ ಮೇಲೆ ಬಲಾತ್ಕಾರದಿಂದ ಹೇರಿದ ರಕ್ಷಣೆಯು ಆ ಬಲವಿರುವಷ್ಟು ದಿನ ಮಾತ್ರ ಬಾಳುತ್ತದೆ. ಜಾರನ ದಂಡನೆಯು ಇದಕ್ಕೆ ಒಂದು ಸಾಕ್ಷಿ. ಗೋರಿಂಗನ ಬೆಂಕಿಯು ಆ ಮಾರ್ಗವು ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ಇನ್ನೊಂದು ಸಾಕ್ಷಿ. ಅರಸರ ಬೇಟೆಯ ಕಾಡುಗಳನ್ನು ಅಭಯಾರಣ್ಯಗಳಾಗಿ ಪಡೆದಿರುವ ನಮ್ಮಂತಹ ನಾಡುಗಳು ಈ ವಿಚಾರವನ್ನು ಪರದೇಶದ ಸಂಗತಿಯೆಂದು ಬಿಡುವಂತಿಲ್ಲ. ಕಾಡಂಚಿನ ಮನುಷ್ಯನು ಮೃಗವನ್ನು ತನ್ನದೆಂದು ಎಣಿಸುವನೇ, ಸರ್ಕಾರದ್ದೆಂದು ಎಣಿಸುವನೇ ಎಂಬುದು ಶಾಂತಿಕಾಲದಲ್ಲಿ ಸಣ್ಣ ಪ್ರಶ್ನೆಯಾಗಿ ಕಾಣಬಹುದು. ಕಾವಲು ತಪ್ಪಿದ ಮೊದಲ ಚಳಿಗಾಲದಲ್ಲಿ ಉಳಿಯುವ ಪ್ರಶ್ನೆ ಅದೊಂದೇ.