ಬಿತ್ತನೆಯಿಲ್ಲದ ಕಡಲು, ಭೂತಾಯಿಯ ಕಾನೂನು

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ ಕಡೆಯ ಕೆರೆಗಳಲ್ಲಿ ನೀರು ನಿಂತರೆ ಮೀನಿನ ಗುತ್ತಿಗೆಯ ಮಾತು ಶುರುವಾಗುತ್ತದೆ. ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ತಂದು ಬಿಡುತ್ತಾರೆ, ಕಾಯುತ್ತಾರೆ, ಬಲಿತ ಮೇಲೆ ಬಲೆ ಎಳೆಯುತ್ತಾರೆ. ಮರಿಯಲ್ಲೇ ಹಿಡಿದರೆ ನಷ್ಟ ಅವರದೇ. ಹಾಗಾಗಿ ಕೆರೆಯ ಮರಿಯನ್ನು ಗುತ್ತಿಗೆದಾರನ ಲೆಕ್ಕಾಚಾರವೇ ಕಾಯುತ್ತದೆ.

ಕಡಲಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬಿತ್ತನೆ ಮಾಡುವುದು ಮೀನೇ. ಒಬ್ಬ ಕರುಣೆಯಿಂದ ಬಿಟ್ಟ ಮರಿ ಇನ್ನೊಬ್ಬನ ಬಲೆಗೆ ಬೀಳುತ್ತದೆ. ಅಲ್ಲಿ ಕಾನೂನು ಬೇಕಾದದ್ದು ಈ ಕಾರಣಕ್ಕೆ. ನಮ್ಮ ಕರಾವಳಿಯಲ್ಲಿ ಅದು ಬೆಳೆದು ಬಂದ ಬಗೆಯನ್ನು ತಿಳಿಯಲು ಒಂದೇ ಮೀನನ್ನು ಹಿಂಬಾಲಿಸಿದರೂ ಸಾಕು. ತುಳುವರು ಅದನ್ನು ಭೂತಾಯಿ ಎನ್ನುತ್ತಾರೆ, ಕೊಂಕಣಿಗರು ತಾರ್ಲೆ, ಕೆಜಿಎಫ್‌ನ ತಮಿಳರು ಮತ್ತಿ.

ಮೊದಲು ಕಾನೂನಿನ ಕಣ್ಣು ಬಿದ್ದದ್ದು ಹೊಳೆ, ಕೆರೆಗಳ ಮೇಲೆ. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ದೇಶದ ಸಿಹಿನೀರಿನ ಮೀನುಗಳ ಕುರಿತು 1873ರಲ್ಲಿ ವರದಿ ಕೊಟ್ಟು, ಮರಿಗಳೂ ಮೊಟ್ಟೆಯ ಮೀನುಗಳೂ ಲೆಕ್ಕವಿಲ್ಲದೆ ನಾಶವಾಗುತ್ತಿವೆ ಎಂದು ಎಚ್ಚರಿಸಿದ. ಕಾನೂನು ಬರಲು ಮತ್ತೆ 24 ವರ್ಷ ಹಿಡಿಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು. ಶಿಕ್ಷೆ ಎರಡು ತಿಂಗಳವರೆಗೆ ಸೆರೆ ಇಲ್ಲವೇ 200 ರೂಪಾಯಿವರೆಗೆ ದಂಡ. ಬಲೆಯ ಕಣ್ಣು ಎಷ್ಟಿರಬೇಕು, ಯಾವ ನೀರಿನಲ್ಲಿ ಎಷ್ಟು ಕಾಲ ಮೀನುಗಾರಿಕೆ ನಿಲ್ಲಿಸಬೇಕು ಎಂದು ನಿಯಮ ಮಾಡುವ ಅಧಿಕಾರವನ್ನೂ ಅದು ಸರ್ಕಾರಗಳಿಗೆ ಕೊಟ್ಟಿತ್ತು. ಮುಂದಿನ ಎಲ್ಲ ಕಾನೂನುಗಳ ಬೀಜ ಆ ಪುಟ್ಟ ಕಾಯ್ದೆಯಲ್ಲೇ ಇದೆ.

ಭೂತಾಯಿಯ ಸರದಿ ಬಂದದ್ದು ಆಮೇಲೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಊಟಕ್ಕೆ ಮಾತ್ರವಲ್ಲ, ಎಣ್ಣೆ ತೆಗೆಯಲು, ಗೊಬ್ಬರ ಮಾಡಲು ಕೂಡ ರಾಶಿ ರಾಶಿ ಭೂತಾಯಿ ಬೇಕಾಗುತ್ತಿತ್ತು. ಆದರೆ ಈ ಮೀನು ಒಂದು ವರ್ಷ ದಡ ತುಂಬಿಸಿದರೆ ಇನ್ನೊಂದು ವರ್ಷ ಮುಖವನ್ನೇ ತೋರಿಸುವುದಿಲ್ಲ. ಮದ್ರಾಸಿನ ಮೀನುಗಾರಿಕಾ ವಿಜ್ಞಾನಿ ದೇವನೇಶನ್ 1943ರಲ್ಲಿ ಇದರ ಇಳಿಕೆಯನ್ನು ಕುರಿತು ಬರೆದು, ಕಾನೂನು ನಡುವೆ ಬರಲೇಬೇಕು ಎಂದು ವಾದಿಸಿದರು. ಸರ್ಕಾರ ಆ ದಶಕದಲ್ಲಿ ಮರಿ ಭೂತಾಯಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಅದು ಬಹುಕಾಲ ಉಳಿಯಲಿಲ್ಲ. ಹಾಗಿದ್ದರೂ ಒಂದು ಜಾತಿಯ ಮೀನಿಗಾಗಿಯೇ ನಮ್ಮ ಕರಾವಳಿಯಲ್ಲಿ ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಮರೆತುಬಿಡುವಂಥದ್ದಲ್ಲ.

1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಅದುವರೆಗೆ ಈ ಕಡಲಿನ ದೊಡ್ಡ ಬಲೆಯೆಂದರೆ ರಂಪಣಿ. ಹತ್ತಾರು ಜನ ದಡದಲ್ಲಿ ನಿಂತು ಎಳೆಯಬೇಕಾದ ಬಲೆ, ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು. ಮೀನು ದಡಕ್ಕೆ ಬಂದರೆ ಮಾತ್ರ ರಂಪಣಿಗೆ ಸಿಗುತ್ತದೆ. ಪರ್ಸೀನ್ ಹಾಗಲ್ಲ, ಮೀನಿನ ಹಿಂಡು ಇದ್ದಲ್ಲಿಗೇ ಹೋಗಿ ಸುತ್ತುವರಿಯುತ್ತದೆ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು, ದಡದಲ್ಲಿ ಜಗಳ ಎದ್ದಿತು. ದೇಶದ ಬೇರೆ ಕರಾವಳಿಗಳಲ್ಲೂ ಯಂತ್ರದ ದೋಣಿಗೂ ನಾಡದೋಣಿಗೂ ತಿಕ್ಕಾಟವಿತ್ತು. ಕೇಂದ್ರವು 1976ರಲ್ಲಿ ಮಜುಂದಾರ್ ಸಮಿತಿ ನೇಮಿಸಿತು, ಆಮೇಲೆ ರಾಜ್ಯಗಳಿಗೆ ಮಾದರಿ ಮಸೂದೆ ಕಳಿಸಿತು. ಕೇರಳ, ಗೋವಾ 1980ರಲ್ಲಿ ಕಾಯ್ದೆ ಮಾಡಿದವು. ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಬಂದದ್ದು 1986ರಲ್ಲಿ. ಗಮನಿಸಬೇಕು: ಈ ಕಾನೂನನ್ನು ಹುಟ್ಟಿಸಿದ್ದು ಮೀನಿನ ಸಂಕಟಕ್ಕಿಂತ ಮೀನುಗಾರರ ಜಗಳ.

ಮಳೆಗಾಲದ ನಿಷೇಧ ಮಾತ್ರ ಮೀನಿನ ಕಡೆಗೇ ನೋಡುತ್ತದೆ. ಭೂತಾಯಿ ಸೇರಿದಂತೆ ಹಲವು ಮೀನುಗಳು ಮೊಟ್ಟೆಯಿಡುವುದು ಆ ಕಾಲದಲ್ಲಿ. ಮೊದಲು ಒಂದೊಂದು ಕಡೆ ಒಂದೊಂದು ಲೆಕ್ಕವಿತ್ತು. 2015ರಿಂದ ಕೇಂದ್ರದ ಆದೇಶದಂತೆ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಮಲ್ಪೆ, ಗಂಗೊಳ್ಳಿ, ಮಂಗಳೂರು ಬಂದರುಗಳಲ್ಲಿ ಆಗ ಬೋಟುಗಳು ಸಾಲಾಗಿ ಲಂಗರು ಹಾಕಿರುತ್ತವೆ. 10 ಅಶ್ವಶಕ್ತಿಯೊಳಗಿನ ಎಂಜಿನ್‌ನ ನಾಡದೋಣಿಗಳಿಗೆ ವಿನಾಯಿತಿಯಿದೆ. ಅದು ಸರಿಯೂ ಹೌದು. 2017ರ ನವೆಂಬರ್‌ನಲ್ಲಿ ಕೇಂದ್ರವು ಎಲ್‌ಇಡಿ ಬೆಳಕು ಬಿಟ್ಟು ಮೀನು ಸೆಳೆಯುವುದನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು.

ಇಷ್ಟಾದರೂ ಭೂತಾಯಿ ಕೈಕೊಟ್ಟಿತು. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದ ಮೀನು 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲಿನ ಬಿಸಿ, ಎಲ್ ನಿನೊ ಇದಕ್ಕೆ ದೊಡ್ಡ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಎಲ್ ನಿನೊಗೆ ನಿಷೇಧ ಹಾಕಲಾಗದು, ಮರಿ ಹಿಡಿಯುವುದಕ್ಕೆ ಹಾಕಬಹುದು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹಿಡಿಯಬಹುದಾದ ಕನಿಷ್ಠ ಅಳತೆಯನ್ನು ಮೀನಿನ ಜಾತಿಗೊಂದರಂತೆ ಮೊದಲೇ ಸೂಚಿಸಿತ್ತು: ಭೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಕೇರಳ 2015ರಲ್ಲಿ ಇದನ್ನು ಕಾನೂನಾಗಿಸಿತು, ಕರ್ನಾಟಕ ಅದರ ಹಿಂದೆ ನಡೆಯಿತು. ಏಳು ದಶಕದ ಹಿಂದೆ ಮದ್ರಾಸ್ ಸರ್ಕಾರ ಕೈಬಿಟ್ಟ ವಿಚಾರವೇ ಹೊಸ ಅಂಗಿ ತೊಟ್ಟು ಬಂದಿತ್ತು.

ಒಟ್ಟು ಎಷ್ಟು ಟನ್ ಹಿಡಿಯಬಹುದು ಎಂಬ ಮಿತಿ ನಮ್ಮ ಕರಾವಳಿಯಲ್ಲಿ ಇನ್ನೂ ಇಲ್ಲ. ಅಂಥ ಮಿತಿ ಇದ್ದೂ ಕೆನಡಾ ಎಡವಿತು. ಮಿತಿಯನ್ನು ಅತಿ ಎತ್ತರಕ್ಕಿಟ್ಟಿದ್ದರಿಂದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನು ಬರಿದಾಗಿ, 1992ರ ಜುಲೈನಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು.

ಹಾಗಾಗಿ ಈಗ ಬೇಕಾಗಿರುವುದು ಇನ್ನೊಂದು ಆದೇಶವಲ್ಲ. ಇಳಿದ ಮೀನು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವ ಮುನ್ನ ಧಕ್ಕೆಯಲ್ಲಿ ಅಳತೆಪಟ್ಟಿ ಹಿಡಿದು ನಿಲ್ಲುವ ಸಿಬ್ಬಂದಿ ಬೇಕು. ಕಡಲಿನಿಂದ ನೂರಾರು ಮೈಲಿ ದೂರದ ಬಂಗಾರಪೇಟೆಯಲ್ಲೋ ಆಂಡರ್ಸನ್‌ಪೇಟೆಯಲ್ಲೋ ಮತ್ತಿ ಕೊಳ್ಳುವವರಿಗೂ ಒಂದು ಕೆಲಸವಿದೆ: ಮೀನನ್ನು ಅಂಗೈ ಮೇಲೆ ಅಡ್ಡಕ್ಕೆ ಇಟ್ಟು ನೋಡಿ. ಅಂಗೈ ಅಗಲವನ್ನೂ ದಾಟದಿದ್ದರೆ ಕೊಳ್ಳಬೇಡಿ.