ಇಬಿಟಿ ಕಾರ್ಡ್: ಅಮೆರಿಕದ ದಿನಸಿ ಅಂಗಡಿಗಳಲ್ಲಿ ಆಹಾರ ನೆರವು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಡಿಮೆ ವರಮಾನದ ಕುಟುಂಬಗಳು ಸರ್ಕಾರದ ಆಹಾರ ನೆರವಿನಿಂದ ದಿನಸಿ ಕೊಳ್ಳಲು ಬಳಸುವ ಪಾವತಿ ಕಾರ್ಡನ್ನು ಇಬಿಟಿ ಕಾರ್ಡ್ ಎನ್ನುತ್ತಾರೆ. ನೆರವಿನ ಯೋಜನೆಯ ಹೆಸರು ಸ್ನ್ಯಾಪ್. ಹಳಬರ ಬಾಯಲ್ಲಿ ಅದು ಇಂದಿಗೂ ಫುಡ್ ಸ್ಟ್ಯಾಂಪ್. ನೆರವಿನ ಹಣ ಒಕ್ಕೂಟ ಸರ್ಕಾರದ ಕೃಷಿ ಇಲಾಖೆಯ ಮೂಲಕ ಬರುತ್ತದೆ, ಅರ್ಜಿ ನೋಡಿ ಕಾರ್ಡ್ ಕೊಡುವ ಕೆಲಸ ಆಯಾ ರಾಜ್ಯದ್ದು. ಹಾಗಾಗಿ ಕಾರ್ಡಿಗೆ ಟೆಕ್ಸಾಸ್‌ನಲ್ಲಿ ಲೋನ್ ಸ್ಟಾರ್, ಇಲಿನಾಯ್‌ನಲ್ಲಿ ಲಿಂಕ್, ಮಿಷಿಗನ್‌ನಲ್ಲಿ ಬ್ರಿಜ್ ಎಂದು ಬೇರೆ ಬೇರೆ ಹೆಸರು. ಹೆಸರು ಯಾವುದೇ ಇರಲಿ, ಒಂದು ರಾಜ್ಯದ ಕಾರ್ಡ್ ಇನ್ನೊಂದು ರಾಜ್ಯದ ಅಂಗಡಿಯಲ್ಲೂ ನಡೆಯುತ್ತದೆ. 2024ರ ಹಣಕಾಸು ವರ್ಷದಲ್ಲಿ ತಿಂಗಳಿಗೆ ಸರಾಸರಿ 4 ಕೋಟಿ 17 ಲಕ್ಷ ಜನ, ಅಂದರೆ ಸುಮಾರು ಎಂಟು ಮಂದಿಯಲ್ಲಿ ಒಬ್ಬರು, ಈ ನೆರವು ಪಡೆದರು. ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ನಡೆಯುವ ಹಾಗೆ ಇಲ್ಲಿ ಗೊತ್ತುಪಡಿಸಿದ ಧಾನ್ಯವನ್ನು ತೂಗಿ ಕೊಡುವುದಿಲ್ಲ. ಕಾರ್ಡಿಗೆ ಹಣ ಬೀಳುತ್ತದೆ, ಏನು ಬೇಯಿಸಬೇಕೆಂಬುದನ್ನು ಮನೆಯವರೇ ತೀರ್ಮಾನಿಸುತ್ತಾರೆ.

ನೆರವಿನ ಮೊದಲ ರೂಪ ಕಾಗದದ ಚೀಟಿ. 1939ರ ಮೇ 16ರಂದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿ ಅದು ಚಾಲ್ತಿಗೆ ಬಂತು. ಬಡ ಕುಟುಂಬ ಒಂದು ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡರೆ ಐವತ್ತು ಸೆಂಟ್ ಬೆಲೆಯ ನೀಲಿ ಚೀಟಿ ಉಚಿತವಾಗಿ ಸಿಗುತ್ತಿತ್ತು. ನೀಲಿ ಚೀಟಿಗೆ ರೈತರ ಬಳಿ ಮಿಕ್ಕು ಉಳಿದ ಬೆಳೆಯನ್ನಷ್ಟೇ ಕೊಳ್ಳಬೇಕು. ಒಂದು ಕಡೆ ಕೊಳೆಯುವ ಫಸಲು, ಇನ್ನೊಂದು ಕಡೆ ಹಸಿದ ಜನ, ಎರಡಕ್ಕೂ ಒಂದೇ ದಾರಿ ಹುಡುಕಿದ್ದರು. ಯುದ್ಧ ಬಂದು ಮಿಗತೆಯೂ ನಿರುದ್ಯೋಗವೂ ತಗ್ಗಿದಾಗ, 1943ರಲ್ಲಿ, ಯೋಜನೆ ನಿಂತಿತು. ಜಾನ್ ಕೆನಡಿ 1961ರಲ್ಲಿ ಅದನ್ನು ಪ್ರಾಯೋಗಿಕವಾಗಿ ಮತ್ತೆ ತಂದರು. 1964ರಲ್ಲಿ ಲಿಂಡನ್ ಜಾನ್ಸನ್ ಸಹಿಯೊಂದಿಗೆ ಅದು ಕಾಯ್ದೆಯಾಯಿತು. ಆದರೂ ಚೀಟಿ ಪಡೆಯಲು ಮೊದಲು ಕೈಯಿಂದ ಹಣ ಕಟ್ಟಬೇಕಾಗಿತ್ತು. ಅಷ್ಟೂ ಇಲ್ಲದ ಕಡುಬಡವರು ಹೊರಗೇ ಉಳಿದರು. ಈ ಷರತ್ತನ್ನು ತೆಗೆದದ್ದು 1977ರ ಕಾಯ್ದೆ. ಯೋಜನೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿದ್ದುಪಡಿ ಇಲ್ಲವೆಂದೇ ಹೇಳಬೇಕು.

ಕಾಗದದ ಚೀಟಿಗೆ ಇನ್ನೊಂದು ಸಂಕಟವಿತ್ತು. ಪುಸ್ತಕದಿಂದ ಚೀಟಿಯನ್ನು ಕೌಂಟರಿನಲ್ಲಿ, ಹಿಂದೆ ನಿಂತ ಸಾಲಿನ ಕಣ್ಣೆದುರೇ ಹರಿದು ಕೊಡಬೇಕಾಗಿತ್ತು. ಬಡತನ ಎಲ್ಲರಿಗೂ ಕಾಣುತ್ತಿತ್ತು. ಚೀಟಿಗಳನ್ನು ಅಗ್ಗದ ಬೆಲೆಗೆ ಕಾಸಿಗೆ ಮಾರುವ ಕಳ್ಳ ವ್ಯಾಪಾರವೂ ನಡೆಯುತ್ತಿತ್ತು. 1984ರಲ್ಲಿ ಪೆನ್ಸಿಲ್ವೇನಿಯದ ರೆಡಿಂಗ್ ಪಟ್ಟಣದಲ್ಲಿ ಕಾರ್ಡಿನ ಪ್ರಯೋಗ ಶುರುವಾಯಿತು. 1993ರಲ್ಲಿ ಮೇರಿಲ್ಯಾಂಡ್ ಇಡೀ ರಾಜ್ಯಕ್ಕೆ ಕಾರ್ಡ್ ತಂದ ಮೊದಲ ರಾಜ್ಯವಾಯಿತು. 2004ರ ಹೊತ್ತಿಗೆ ಎಲ್ಲ ರಾಜ್ಯಗಳೂ ಕಾರ್ಡಿಗೆ ಬದಲಾಗಿದ್ದವು. ಸ್ನ್ಯಾಪ್ ಎಂಬ ಹೆಸರು ಬಂದದ್ದು 2008ರಲ್ಲಿ.

ಈಗ ಅಂಗಡಿಯಲ್ಲಿ ಇಬಿಟಿ ಕಾರ್ಡಿನವರು ಡೆಬಿಟ್ ಕಾರ್ಡಿನವರಂತೆಯೇ ಸ್ವೈಪ್ ಮಾಡಿ ನಾಲ್ಕು ಅಂಕಿಯ ಪಿನ್ ಒತ್ತುತ್ತಾರೆ. ಅದೇ ಕಾರ್ಡಿನಲ್ಲಿ ಕೆಲವರಿಗೆ ನಗದು ನೆರವೂ ಬರುವುದರಿಂದ ಯಂತ್ರ ಆಹಾರವೋ ನಗದೋ ಎಂದು ಕೇಳುತ್ತದೆ. ಇಲ್ಲಿ ಸರಿಯಾದ ಗುಂಡಿ ಒತ್ತುವುದು ಮುಖ್ಯ. ನೆರವಿಗೆ ಒಳಪಡುವ ಸಾಮಾನನ್ನು ಬಿಲ್ಲಿಂಗ್ ಯಂತ್ರವೇ ಬೇರ್ಪಡಿಸುತ್ತದೆ, ಉಳಿದದ್ದಕ್ಕೆ ನಗದು ಅಥವಾ ಬೇರೆ ಕಾರ್ಡ್ ಕೊಡಬೇಕು. ನೆರವಿನಿಂದ ಕೊಂಡ ಆಹಾರಕ್ಕೆ ಮಾರಾಟ ತೆರಿಗೆ ಇಲ್ಲ. ಇಷ್ಟು ಮೊತ್ತದ ವ್ಯಾಪಾರ ಮಾಡಲೇಬೇಕು ಎಂದು ಅಂಗಡಿಯವರು ಒತ್ತಾಯಿಸುವಂತಿಲ್ಲ, ಇವರಿಗೆಂದು ಬೇರೆ ಸಾಲು ಮಾಡುವಂತಿಲ್ಲ. ಉಳಿದ ಮೊತ್ತ ರಸೀದಿಯ ಕೆಳಗೆ ಅಚ್ಚಾಗಿರುತ್ತದೆ. ಆ ರಸೀದಿಯನ್ನು ಜೋಪಾನ ಮಾಡುವುದು ಒಳ್ಳೆಯದು. ತಿಂಗಳಲ್ಲಿ ಮಿಕ್ಕ ಹಣ ಮುಂದಿನ ತಿಂಗಳಿಗೆ ಸೇರುತ್ತದೆ, ಒಂಬತ್ತು ತಿಂಗಳು ಹಾಗೇ ಬಿಟ್ಟರೆ ಸರ್ಕಾರ ಹಿಂಪಡೆಯುತ್ತದೆ.

ಕೊಳ್ಳಬಹುದಾದ ಪಟ್ಟಿ ದೊಡ್ಡದು: ಅಕ್ಕಿ, ಬೇಳೆ, ಬ್ರೆಡ್, ಹಾಲು, ಹಣ್ಣು, ತರಕಾರಿ, ಮಾಂಸ, ಮೀನು, ಮಸಾಲೆ, ಹಿತ್ತಲಲ್ಲಿ ಬೆಳೆಯಲು ತರಕಾರಿ ಬೀಜ ಮತ್ತು ಸಸಿ ಕೂಡ. ಮದ್ಯ, ತಂಬಾಕು, ಔಷಧಿ, ವಿಟಮಿನ್ ಮಾತ್ರೆ, ಸಾಬೂನು, ಮಗುವಿನ ಡೈಪರ್ ಇವಕ್ಕೆ ಅವಕಾಶವಿಲ್ಲ. ಬಿಸಿ ಊಟಕ್ಕೂ ಇಲ್ಲ. ಅಂಗಡಿಯಲ್ಲಿ ಸುಟ್ಟ ಕೋಳಿ ಬಿಸಿಯಾಗಿದ್ದರೆ ಕಾರ್ಡ್ ನಡೆಯದು, ಅದನ್ನೇ ತಣಿಸಿ ಫ್ರಿಜ್ಜಿನಲ್ಲಿಟ್ಟು ಮಾರಿದರೆ ನಡೆಯುತ್ತದೆ. ಒಲೆಯಿಲ್ಲದ ಕೋಣೆಯಲ್ಲಿ ಬದುಕುವವರಿಗೆ, ಎರಡು ಪಾಳಿ ದುಡಿದು ಬರುವ ತಾಯಿಗೆ ಈ ನಿಯಮ ಅನ್ಯಾಯವೇ ಸರಿ. ವೃದ್ಧರು, ಅಂಗವಿಕಲರು, ಮನೆಯಿಲ್ಲದವರು ಗೊತ್ತಾದ ಹೋಟೆಲುಗಳಲ್ಲಿ ಉಣ್ಣಲು ಕೆಲವೇ ರಾಜ್ಯಗಳು ವಿನಾಯಿತಿ ಕೊಟ್ಟಿವೆ. ಕೃಷಿ ಇಲಾಖೆಯ ಅನುಮತಿ ಪಡೆದ ಭಾರತೀಯ ದಿನಸಿ ಅಂಗಡಿಗಳಲ್ಲೂ ಇದೇ ಲೆಕ್ಕ: ತೊಗರಿಬೇಳೆ, ರಾಗಿಹಿಟ್ಟು, ಹುಣಸೆಹಣ್ಣಿಗೆ ಕಾರ್ಡ್ ಸಲ್ಲುತ್ತದೆ, ಊದಿನಕಡ್ಡಿಗೂ ಬಿಸಿ ಸಮೋಸಕ್ಕೂ ಸಲ್ಲದು. ತಂಪು ಪಾನೀಯಗಳನ್ನು ಪಟ್ಟಿಯಿಂದ ಕೈಬಿಡಲು 2025ರ ಮೇ ತಿಂಗಳಲ್ಲಿ ನೆಬ್ರಾಸ್ಕ ಅನುಮತಿ ಪಡೆಯಿತು, ಬೇರೆ ಕೆಲವು ರಾಜ್ಯಗಳೂ ಅದರ ಹಿಂದೆ ಹೊರಟವು.

ಎಚ್-1ಬಿ ವೀಸಾದ ಉದ್ಯೋಗಿಗಳು, ಎಫ್-1 ವಿದ್ಯಾರ್ಥಿಗಳು ಈ ನೆರವಿಗೆ ಅರ್ಹರಲ್ಲ; ಅಲ್ಲಿರುವ ಕನ್ನಡಿಗರು ಇದನ್ನು ತಿಳಿದಿರಬೇಕು. ಗ್ರೀನ್ ಕಾರ್ಡ್ ಪಡೆದ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು, ಹದಿನೆಂಟರೊಳಗಿನ ಮಕ್ಕಳಿಗೆ ಈ ಕಾಯುವಿಕೆ ಇಲ್ಲ. ನೆರವಿನ ಮೊತ್ತ ಕಟ್ಟುವಾಗ ಕುಟುಂಬ ತನ್ನ ನಿವ್ವಳ ವರಮಾನದ ಶೇ. 30 ಭಾಗವನ್ನು ಊಟಕ್ಕೆ ಹಾಕುತ್ತದೆಂದು ಎಣಿಸಿ, ಅಷ್ಟನ್ನು ಗರಿಷ್ಠ ಮೊತ್ತದಿಂದ ಕಳೆಯುತ್ತಾರೆ. 2025ರ ಹಣಕಾಸು ವರ್ಷದಲ್ಲಿ ಮುಖ್ಯ ಭೂಭಾಗದ ನಾಲ್ವರ ಕುಟುಂಬಕ್ಕೆ ಈ ಗರಿಷ್ಠ ಮೊತ್ತ ತಿಂಗಳಿಗೆ 975 ಡಾಲರ್ ಇತ್ತು.

ಆನ್‌ಲೈನ್ ಖರೀದಿಯ ಪ್ರಯೋಗ 2019ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಿಂದ ಆರಂಭವಾಗಿ, ಕೋವಿಡ್ ಕಾಲದಲ್ಲಿ ವೇಗವಾಗಿ ಹರಡಿತು. ಮನೆಗೆ ತಲುಪಿಸುವ ಶುಲ್ಕವನ್ನು ಮಾತ್ರ ನೆರವಿನ ಹಣದಿಂದ ಕಟ್ಟಲಾಗದು.

ಇಂದು ಕಾರ್ಡಿನ ದೊಡ್ಡ ಬಾಧೆ ಕಳ್ಳತನ. ಬ್ಯಾಂಕ್ ಕಾರ್ಡುಗಳಿಗೆ ಚಿಪ್ ಬಂದು ವರ್ಷಗಳಾದ ಮೇಲೂ ಇಬಿಟಿ ಕಾರ್ಡ್ ಬರೀ ಕಪ್ಪು ಕಾಂತಪಟ್ಟಿಯಲ್ಲೇ ಉಳಿಯಿತು. ಕಳ್ಳರು ಪಾವತಿ ಯಂತ್ರದ ಮೇಲೆ ನಕಲು ಸಾಧನ ಕೂರಿಸಿ ಪಟ್ಟಿಯ ಮಾಹಿತಿಯನ್ನೂ ಪಿನ್ನನ್ನೂ ಕದಿಯುತ್ತಾರೆ, ಹಣ ಬಿದ್ದ ರಾತ್ರಿಯೇ ಖಾತೆ ಬರಿದಾಗುತ್ತದೆ. ಡೆಬಿಟ್ ಕಾರ್ಡಿನವರಿಗೆ ಒಕ್ಕೂಟ ಕಾನೂನು ಕೊಡುವ ರಕ್ಷಣೆ ಇವರಿಗಿಲ್ಲ. 2022ರ ಅಕ್ಟೋಬರ್ 1ರಿಂದ 2024ರ ಡಿಸೆಂಬರ್ 20ರವರೆಗೆ ಕಳುವಾದ ನೆರವನ್ನು ಒಕ್ಕೂಟದ ಹಣದಿಂದ ತುಂಬಿಕೊಡಲು ಸಂಸತ್ತು ಒಪ್ಪಿತ್ತು. ಅವಧಿ ಮುಗಿದ ಮೇಲೆ ಅದನ್ನು ಮುಂದುವರಿಸಲಿಲ್ಲ. ಎಲ್ಲರಿಗಿಂತ ಕಡಿಮೆ ಇರುವವರಿಗೆ ಎಲ್ಲರಿಗಿಂತ ದುರ್ಬಲವಾದ ಬೀಗ ಕೊಟ್ಟದ್ದು ಸಮರ್ಥಿಸಲಾಗದ ಮಾತು. ಹಣ ಬೀಳುವ ದಿನಕ್ಕೆ ಮೊದಲು ಪಿನ್ ಬದಲಿಸಿಕೊಳ್ಳಿ ಎಂದು ರಾಜ್ಯಗಳು ಹೇಳುತ್ತವೆ. ಹಲವೆಡೆ ಫೋನಿನ ಆ್ಯಪ್ ಮೂಲಕ ಕಾರ್ಡನ್ನು ಲಾಕ್ ಮಾಡಿಡುವ ಸೌಲಭ್ಯವಿದೆ. 2025ರಲ್ಲಿ ಕ್ಯಾಲಿಫೋರ್ನಿಯ ಚಿಪ್ ಇರುವ ಕಾರ್ಡುಗಳನ್ನು ಹಂಚತೊಡಗಿತು.